ಮಂಡಿನೋವು ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು?

ಓದುಗರ ಪ್ರಶ್ನೆ, ಮೇಡಂ ಉತ್ತರ

ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ ‘ನಾನು ಓದಿದ್ದು ಅರ್ಥಶಾಸ್ತ್ರ, 28 ವರ್ಷ ಕೆಲಸ ಮಾಡಿದ್ದು ವಯಸ್ಸಾದವರ ಆರೋಗ್ಯದ ಮೇಲೆ’ ಎಂದು ಒಂದು ಸಾಲು ಸೇರಿಸಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅತ್ತೆ-ಸೊಸೆ, ಸೈಟು ವ್ಯಾಜ್ಯದ ಪತ್ರಗಳನ್ನು ಪಕ್ಕಕ್ಕಿಟ್ಟು ಈ ಸಲ ಇವಕ್ಕಷ್ಟೇ ಉತ್ತರ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ. ಬೇಜಾರು ಎಂಬ ಪದ ನನ್ನನ್ನು ಎಷ್ಟು ಸತಾಯಿಸಿತು ಅನ್ನೋದೂ ಕೆಳಗೆ ಬರುತ್ತದೆ.

ನನ್ನ ಮಗಳು ಎಕನಾಮಿಕ್ಸ್‌ನಲ್ಲಿ ಎಂ.ಎ., ಪಿಎಚ್.ಡಿ. ಮಾಡಿ ಈಗ ಒಂದು ವಿಶ್ವವಿದ್ಯಾಲಯದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ವೃದ್ಧಾಪ್ಯ, ಆರೋಗ್ಯ ನೀತಿ, ಸಮಾಜ ವಿಜ್ಞಾನ ಮೂರೂ ನನ್ನ ಕೆಲಸ ಅನ್ನುತ್ತಾಳೆ. ನೆಂಟರು ‘ಹೆಸರಿನ ಮುಂದೆ ಡಾಕ್ಟರ್ ಇದೆಯಲ್ಲ, ಬಿಪಿ ನೋಡ್ತಾಳಾ?’ ಅಂತಾರೆ. ಏನು ಹೇಳಲಿ?
*ಕೊಬ್ಬರಿ ವ್ಯಾಪಾರಿ, ತಿಪಟೂರು*

ನೋಡ್ತಾಳೆ ಅಂತಲೇ ಹೇಳಿ. ಒಬ್ಬರದ್ದಲ್ಲ, ಎಪ್ಪತ್ತು ಸಾವಿರ ಜನರ ಬಿಪಿ ಒಟ್ಟಿಗೆ ನೋಡ್ತಾಳೆ.

ತಮಾಷೆ ಅಲ್ಲ, ಅಷ್ಟು ದೊಡ್ಡ ಸರ್ವೆ ನಮ್ಮಲ್ಲಿ ನಡೆದಿದೆ. ಅದರ ಕತೆ ಮುಂದಿನ ಪ್ರಶ್ನೆಯಲ್ಲಿದೆ. ಮಗಳ ಕೆಲಸ ಏನು ಅಂತ ನಿಮಗೆ ಹೇಳೋಕೆ ನಮ್ಮಮ್ಮನ ಮಂಡಿನೋವನ್ನೇ ತೆಗೆದುಕೊಳ್ಳುತ್ತೇನೆ.

ಅಮ್ಮ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿದ್ದಳು. ಮಂಡಿ ಸವೆದಿತ್ತು. ಹಾಸನದ ಮೂಳೆ ಡಾಕ್ಟರು ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಬರೋಕೆ ಹೇಳಿದರು. ಒಂದು ಸಲ ಹೋದಳು, ಆಮೇಲೆ ಹೋಗಲಿಲ್ಲ. ಡಾಕ್ಟರು ಚೀಟಿಯ ಮೇಲೆ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದರು. ನಾನೂ ಫೋನಿನಲ್ಲಿ ಬೈದೆ. ದಸರಾ ರಜೆಗೆ ಊರಿಗೆ ಹೋದಾಗ ಅವಳ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ. ಕೆಂಪು ಬಸ್ಸಿನ ಮೊದಲ ಮೆಟ್ಟಿಲಿಗೆ ಗೇಣು ಹಾಕಿ ನೋಡಿದೆ. ಹತ್ತಿರ ಹತ್ತಿರ ಎರಡು ಗೇಣು! ಮಂಡಿ ಬಾಗದವಳು ಮಂಡಿಯ ಚಿಕಿತ್ಸೆಗೆ ಹೋಗಬೇಕಾದರೆ ಮೊದಲು ಎರಡು ಗೇಣು ಎತ್ತರ ಹತ್ತಬೇಕು. ಕೈ ಹಿಡಿದು ಹತ್ತಿಸೋಕೆ ಅತ್ತಿಗೆ ಹೋಗಬೇಕು. ಅವರು ಹೋದರೆ ಅವತ್ತಿನ ಕೂಲಿ ಹೋಯ್ತು. ಜೊತೆಗೆ ಹಾಲು ಕರೆಯೋರು ಯಾರು? ಇದನ್ನೆಲ್ಲ ಅಮ್ಮ ಡಾಕ್ಟರ ಮುಂದೆ ಹೇಳಿಯೇ ಇರಲಿಲ್ಲ. ‘ಅವರಿಗ್ಯಾಕೆ ನಮ್ಮನೆ ರಾಮಾಯಣ’ ಅಂದಳು.

ಈಗ ಹೇಳಿ, ಈ ನೋವು ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು? ಮೂಳೆ ಸವೆದಿದ್ದು ವೈದ್ಯರಿಗೆ, ಅತ್ತಿಗೆಯ ಕೂಲಿ ಅರ್ಥಶಾಸ್ತ್ರಕ್ಕೆ, ಮಗ ಯಾಕೆ ಕರೆದುಕೊಂಡು ಹೋಗಲಿಲ್ಲ ಅನ್ನೋದು ಸಮಾಜಶಾಸ್ತ್ರಕ್ಕೆ, ಬಸ್ಸಿನ ಮೆಟ್ಟಿಲು ಸರ್ಕಾರಕ್ಕೆ. ಒಬ್ಬೊಬ್ಬರು ಒಂದೊಂದು ಚೂರು ಹಿಡಿದುಕೊಂಡಿರುತ್ತಾರೆ. ಎಲ್ಲ ಚೂರನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ನೋಡೋದು ನಿಮ್ಮ ಮಗಳ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ ಟಿಕೆಟ್ ಮಾಫಿ ಆಯ್ತು. ಒಳ್ಳೆಯದೇ. ಮೆಟ್ಟಿಲು ಮಾತ್ರ ಇದ್ದಲ್ಲೇ ಇದೆ. ಇಂಥ ಮಾತು ಹೇಳೋಕೂ ಒಬ್ಬರು ಬೇಕಲ್ವಾ?

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಈ ದಾರಿಯಲ್ಲಿ ಬಡ್ತಿ ತಡ. ನನ್ನ ಬಡ್ತಿ ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಫೈಲು ತಿರುವಿ ಹಾಕಿ, ‘ಇದು ಅರ್ಥಶಾಸ್ತ್ರವೂ ಅಲ್ಲ, ಮೆಡಿಕಲ್ಲೂ ಅಲ್ಲ. ಯಾವ ಕಡೆಯವರಮ್ಮಾ ನೀವು?’ ಅಂದರು. ‘ಮುದುಕರ ಕಡೆ ಸಾರ್’ ಅಂದೆ. ಆ ವರ್ಷ ಬಡ್ತಿ ಸಿಗಲಿಲ್ಲ. ಅಮೆರಿಕದ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ವೃದ್ಧಾಪ್ಯದ ಅಧ್ಯಯನಕ್ಕೆಂದೇ 1975ರಲ್ಲಿ ಒಂದು ಸ್ಕೂಲ್ ತೆರೆದರು. ನಮ್ಮಲ್ಲಿ ಈಗಲೂ ಬಹಳ ಕಡೆ ಒಬ್ಬರು ಅರ್ಥಶಾಸ್ತ್ರದ ಕಾರಿಡಾರಿನಲ್ಲಿ, ಇನ್ನೊಬ್ಬರು ಸಮಾಜಕಾರ್ಯದ ಕಾರಿಡಾರಿನಲ್ಲಿ ಕೂತಿರುತ್ತಾರೆ. ಸಿಗೋದು ಕ್ಯಾಂಟೀನಿನಲ್ಲಿ. ನನ್ನ ಎರಡು ಒಳ್ಳೆಯ ಯೋಜನೆ ಹುಟ್ಟಿದ್ದು ಕ್ಯಾಂಟೀನಿನಲ್ಲೇ.

2018ರಲ್ಲಿ ನಮ್ಮ ಮನೆಗೆ ಸರ್ವೆಯವರು ಬಂದಿದ್ದರು. ಅತ್ತೆಗೆ ಹತ್ತು ಪದ ಹೇಳಿ ವಾಪಸ್ ಹೇಳಿಸಿದರು. ಕೈಗೆ ಏನೋ ಹಿಡಿ ಕೊಟ್ಟು ಅದುಮಿಸಿದರು. ಬೆರಳು ಚುಚ್ಚಿ ಕಾಗದದ ಮೇಲೆ ರಕ್ತ ತೆಗೆದುಕೊಂಡರು. ‘ನನಗೆ ಮರೆವು ಅಂತ ಬರ್ಕೊಂಡು ಹೋದ್ರು’ ಅಂತ ಅತ್ತೆ ಆರು ತಿಂಗಳು ಕೊರಗಿದರು. ಮತ್ತೆ ಬಂದರೆ ಒಳಗೆ ಬಿಡಬೇಕಾ?
*ಗೃಹಿಣಿ, ಅರಸೀಕೆರೆ*

ಬಿಡಿ ತಾಯಿ. ಕಾಫಿ ಕೊಟ್ಟರೆ ಇನ್ನೂ ಸಂತೋಷ. ಆ ಹುಡುಗ ಹುಡುಗಿಯರು ದಿನಕ್ಕೆ ಎಷ್ಟು ಬಾಗಿಲು ತಟ್ಟುತ್ತಾರೆ, ಎಷ್ಟು ನಾಯಿ ಬೊಗಳಿಸಿಕೊಳ್ಳುತ್ತಾರೆ ಅನ್ನೋದು ನನಗೆ ಗೊತ್ತು. ನಾನೂ ಶುರು ಮಾಡಿದ್ದು ಅಲ್ಲಿಂದಲೇ.

ನೀವು ಹೇಳಿದ ಗುರುತೆಲ್ಲ ಲಾಸಿ ಎಂಬ ಸರ್ವೆಯದ್ದು. ಲಾಂಜಿಟ್ಯೂಡಿನಲ್ ಏಜಿಂಗ್ ಸ್ಟಡಿ ಇನ್ ಇಂಡಿಯಾ ಅಂತ ಪೂರ್ತಿ ಹೆಸರು. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆ, ಮೇಲೆ ಹೇಳಿದ ಸದರ್ನ್ ಕ್ಯಾಲಿಫೋರ್ನಿಯಾ ಮೂರೂ ಸೇರಿ ನಡೆಸಿದ್ದು. 2017-18ರ ಮೊದಲ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಗಂಡ ಅಥವಾ ಹೆಂಡತಿ ಸೇರಿ 72,250 ಜನರನ್ನು ಮಾತಾಡಿಸಿದರು. ಅವರಲ್ಲಿ 31,464 ಮಂದಿ 60 ದಾಟಿದವರು. ವರದಿ ಬಂದಿದ್ದು 2021ರ ಜನವರಿಯಲ್ಲಿ. ಇದರ ವಿಶೇಷ ಏನು ಅಂದರೆ, ಒಂದು ಸಲ ಕೇಳಿ ಮುಗಿಸೋದಲ್ಲ. ಕೆಲವು ವರ್ಷ ಬಿಟ್ಟು ಅದೇ ಮನೆಗೆ, ಅದೇ ಮನುಷ್ಯರ ಹತ್ತಿರ ಮತ್ತೆ ಹೋಗಬೇಕು ಅನ್ನೋದು ಲೆಕ್ಕ. ಹೋದ ಸಲ ಬೇಗ ನಡೆದವರು ಈ ಸಲ ನಿಧಾನ ಆದರೆ ಮಧ್ಯೆ ಏನಾಯ್ತು? ಗಂಡ ತೀರಿಕೊಂಡರಾ, ಹೊಲ ಮಾರಿದರಾ, ಶುಗರ್ ಬಂತಾ? ಒಂದೇ ಫೋಟೋ ನೋಡಿದರೆ ಇದು ತಿಳಿಯಲ್ಲ.

ಹತ್ತು ಪದದ ವಿಷಯಕ್ಕೆ ಬರೋಣ. ಅದು ಪರೀಕ್ಷೆ ಅಲ್ಲ, ಪಾಸು ಫೇಲು ಇಲ್ಲ. ಪದ ಹೇಳಿದ ಕೂಡಲೇ ಒಂದು ಸಲ, ಬೇರೆ ಪ್ರಶ್ನೆಗಳಾದ ಮೇಲೆ ಇನ್ನೊಂದು ಸಲ ಕೇಳುತ್ತಾರೆ. ಹತ್ತಕ್ಕೆ ಹತ್ತು ಹೇಳೋರು ಅಪರೂಪ, ಹೇಳಿದರೆ ಕೇಳುವವರೇ ಹೆದರುತ್ತಾರೆ. ನಿಮ್ಮತ್ತೆಗೆ ರೋಗ ಅಂತ ಯಾರೂ ಬರೆದುಕೊಂಡು ಹೋಗಿಲ್ಲ. ಆದರೂ ಅವರು ಕೊರಗಿದ್ದಕ್ಕೆ ಅರ್ಧ ತಪ್ಪು ನಮ್ಮ ಪೈಕಿಯವರದ್ದೇ. ಟ್ಯಾಬ್ ಮುಚ್ಚುವ ಮುಂಚೆ ‘ಅಮ್ಮಾ, ಎಲ್ಲರಿಗೂ ಹೀಗೇ ಮರೆಯುತ್ತೆ’ ಅಂತ ಒಂದು ಮಾತು ಹೇಳಿ ಏಳಬೇಕಿತ್ತು.

ಇನ್ನರ್ಧ ತಪ್ಪು ನಮ್ಮ ಗಾದೆಯದ್ದು. ಅರವತ್ತಕ್ಕೆ ಅರಳು ಮರಳು ಅನ್ನುತ್ತೇವೆ. ಈ ಒಂದು ಗಾದೆಯಿಂದ ಆದ ಹಾನಿ ಸಣ್ಣದಲ್ಲ. ಮರೆವಿನ ಕಾಯಿಲೆ ನಿಜವಾಗಿ ಶುರುವಾದವರನ್ನೂ ‘ವಯಸ್ಸಾಯ್ತಲ್ಲ, ಬಿಡಿ’ ಅಂತ ಮೂಲೆಯಲ್ಲಿ ಕೂರಿಸಿಬಿಡುತ್ತೇವೆ. ಲಾಸಿಯ ಜೊತೆಗೇ ದೆಹಲಿಯ ಏಮ್ಸ್ ಮತ್ತು ಬೇರೆ ಆಸ್ಪತ್ರೆಗಳು ಸೇರಿ 60 ದಾಟಿದ ನಾಲ್ಕು ಸಾವಿರಕ್ಕೂ ಜಾಸ್ತಿ ಮಂದಿಯನ್ನು ಇನ್ನೂ ವಿವರವಾಗಿ ನೋಡಿದವು. ಅದರ ಲೆಕ್ಕದಲ್ಲಿ ಡಿಮೆನ್ಶಿಯಾ ಇರೋದು ನೂರಕ್ಕೆ 7.4 ಮಂದಿಗೆ. ಅಂದರೆ ಎರಡು ಮಾತಾಯ್ತು. ಅರವತ್ತು ದಾಟಿದವರೆಲ್ಲ ಅರಳು ಮರಳಲ್ಲ. ಇರುವವರದ್ದು ಬರೀ ವಯಸ್ಸಲ್ಲ, ಕಾಯಿಲೆ. ಅದಕ್ಕೆ ಡಾಕ್ಟರು ಬೇಕು.

ಈ ಮರೆವಿನ ಪ್ರಶ್ನೆಗಳನ್ನು ನಮ್ಮ ಜನಕ್ಕೆ ಹೊಂದಿಸೋದೇ ಒಂದು ವಿದ್ಯೆ. ಅಮೆರಿಕದಿಂದ ಬಂದ ಹಳೆಯ ಪಟ್ಟಿಯಲ್ಲಿ ‘ಕಣ್ಣು ಮುಚ್ಚಿ’ ಎಂದು ಬರೆದ ಚೀಟಿ ತೋರಿಸಿ, ಓದಿ ಹಾಗೇ ಮಾಡಿ ಅನ್ನುತ್ತಿದ್ದರು. ಒಂದು ವಾಕ್ಯ ಬರೆಯಿರಿ ಅನ್ನುತ್ತಿದ್ದರು. ಶಾಲೆಯ ಮುಖವನ್ನೇ ನೋಡದ ಅಜ್ಜಿಗೆ ಈ ಎರಡು ಅಂಕ ಯಾವತ್ತೂ ಸಿಗಲ್ಲ. ಅಕ್ಷರ ಬರದಿದ್ದರೆ ಮರೆವು ಅಂತಾನಾ? 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಮನೋವೈದ್ಯೆ ಮೇರಿ ಗಂಗೂಲಿ ಮತ್ತು ಅವರ ತಂಡ ಕೂತು ಇಂಥ ಪ್ರಶ್ನೆಗಳನ್ನು ಓದುಬರಹ ಬಾರದವರಿಗೆ ತಕ್ಕಂತೆ ಬದಲಾಯಿಸಿತು. ನಾನು ಹೊಸಬಳಾಗಿದ್ದಾಗ ಆ ಪ್ರಬಂಧವನ್ನು ಜೆರಾಕ್ಸ್ ಮಾಡಿಸಿ, ರಟ್ಟು ಹಾಕಿಸಿ ಇಟ್ಟುಕೊಂಡಿದ್ದೆ. ಈಗ ನಮ್ಮ ರಾಜ್ಯದಲ್ಲೇ, ಕೋಲಾರದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ಹತ್ತು ಸಾವಿರ ಮಂದಿಯನ್ನು ವರ್ಷಾನುಗಟ್ಟಲೆ ನೋಡುವ ಕೆಲಸ ಹಿಡಿದಿದ್ದಾರೆ.

ಒಂದು ಹಕ್ಕು ಮರೆಯಬೇಡಿ. ಬಂದವರು ಮೊದಲು ಎಲ್ಲ ವಿವರಿಸಿ ಒಪ್ಪಿಗೆ ಕೇಳಬೇಕು. ರಕ್ತ ಬೇಡ ಅಂದರೆ ಬೇಡ. ಮಧ್ಯದಲ್ಲಿ ಸಾಕಾಯ್ತು ಅಂದರೆ ಅಲ್ಲಿಗೇ ನಿಲ್ಲಿಸಬೇಕು. ನಿಮ್ಮ ಪರವಾಗಿ ನಿಮ್ಮ ಯಜಮಾನರು ಒಪ್ಪಿದರೆ ನಡೆಯಲ್ಲ, ಅತ್ತೆಯೇ ಒಪ್ಪಬೇಕು.

ನಲವತ್ತು ವರ್ಷದಿಂದ ನೋಡ್ತಾ ಬಂದೀನಿ. ಪ್ರೊಫೆಸರುಗಳು ವರದಿ ಬರೀತಾರೆ, ಸೆಮಿನಾರು ಮಾಡ್ತಾರೆ, ಗೋಡಂಬಿ ತಿಂತಾರೆ. ನಮ್ಮ ಓಣಿಯ ಮುದುಕಿಯರ ಪಿಂಚಣಿ ಒಂದು ರೂಪಾಯಿ ಏರಿದ್ದು ನಿಮ್ಮಿಂದ ಅಂತ ತೋರಿಸ್ರಿ.
*ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ*

ಸರ್, ಗೋಡಂಬಿ ನಿಂತು ಬಹಳ ವರ್ಷ ಆಯ್ತು. ಈಗ ಮಾರಿ ಬಿಸ್ಕತ್ತು.

ನಿಮ್ಮ ಸಿಟ್ಟಿಗೆ ಆಧಾರ ಇದೆ. ಕೇಂದ್ರದ ವೃದ್ಧಾಪ್ಯ ವೇತನ 1995ರ ಆಗಸ್ಟ್ 15ರಂದು ಶುರುವಾದಾಗ ತಿಂಗಳಿಗೆ 75 ರೂಪಾಯಿ. 2006ರಲ್ಲಿ 200 ಆಯ್ತು. 80 ದಾಟಿದವರಿಗೆ ಆಮೇಲೆ 500 ಮಾಡಿದರು. ಅದಕ್ಕಿಂತ ಚಿಕ್ಕವರಿಗೆ ಕೇಂದ್ರದ ಪಾಲು ಆ 200ರಲ್ಲೇ ಕೂತಿದೆ. 2006ರಲ್ಲಿ 200 ರೂಪಾಯಿಗೆ ಬರುತ್ತಿದ್ದ ಬೇಳೆ ಈಗ ಎಷ್ಟಕ್ಕೆ ಬರುತ್ತೆ ಅನ್ನೋದು ನಿಮಗೇ ಗೊತ್ತು. ರಾಜ್ಯದ ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ 1,200 ರೂಪಾಯಿ. ಇದು ಸಾಲದು ಅಂತ ಬರೆಯದ ವರದಿಯನ್ನು ನಾನು ಕಂಡಿಲ್ಲ. ಏರಿಸೋದು ಮಂತ್ರಿಗಳು, ಪ್ರೊಫೆಸರಲ್ಲ. ಇಲ್ಲಿಗೆ ನನ್ನ ಸಬೂಬು ಮುಗಿಯಿತು.

ಆದರೆ ದುಡ್ಡು ಎಷ್ಟು ಅನ್ನೋದರ ಜೊತೆಗೆ ಅದು ಕೈ ಸೇರುತ್ತಾ ಅನ್ನೋದೂ ಇದೆ. ಗುಂಡ್ಲುಪೇಟೆ ಕಡೆ ನಮ್ಮದೇ ಒಂದು ಸಣ್ಣ ಸರ್ವೆ ಮಾಡುತ್ತಿದ್ದೆವು. ಒಬ್ಬ ಅಜ್ಜಿಗೆ ಹಿಡಿತದ ಬಲ ಅಳೆಯುವ ಹಿಡಿ ಕೊಟ್ಟೆವು. (ಅರಸೀಕೆರೆಯವರು ಕೇಳಿದರಲ್ಲ, ಅದೇ ಸಾಧನ.) ಮುಳ್ಳು ಸರಕ್ಕನೆ ಏರಿತು. ನಮ್ಮ ಜೊತೆ ಬಂದಿದ್ದ ಎಂ.ಎ. ಹುಡುಗನಿಗಿಂತ ಜಾಸ್ತಿ! ಹುಡುಗ ನಾಚಿಕೊಂಡ. ‘ರಾಗಿ ಕಲ್ಲು ಬೀಸಿದ ಕೈ ಕಣಪ್ಪ’ ಅಂದಳು ಅಜ್ಜಿ. ಅದೇ ಮಧ್ಯಾಹ್ನ ಊರಿಗೆ ಪಿಂಚಣಿ ಹಂಚುವವರು ಮೆಷಿನ್ ಹಿಡಿದುಕೊಂಡು ಬಂದರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಕೆಂಪು ದೀಪ. ಸೆರಗಿಗೆ ಒರೆಸಿ ಒತ್ತಿದಳು. ಕೆಂಪು ದೀಪ. ತಲೆಗೆ ಹಚ್ಚಿದ್ದ ಎಣ್ಣೆಯನ್ನೇ ಬೆರಳಿಗೆ ಸವರಿ ಒತ್ತಿದಳು. ಅದಕ್ಕೂ ಆಗಲಿಲ್ಲ. ಬೀಸಿ, ಕಳೆ ಕಿತ್ತು, ಪಾತ್ರೆ ಉಜ್ಜಿ ಬೆರಳಿನ ಗೆರೆಯೇ ಸವೆದುಹೋಗಿತ್ತು. ‘ಬೆಳಗ್ಗೆ ನಿಮ್ಮ ಮಿಷನ್ನು ನನ್ನ ಗಟ್ಟಿಗಿತ್ತಿ ಅಂತು. ಈ ಮಿಷನ್ನು ನಾನ್ಯಾರು ಅಂತಾನೇ ಗೊತ್ತಿಲ್ಲ ಅಂತದೆ’ ಅಂದಳು. ಆ ತಿಂಗಳು ಅವಳಿಗೆ ದುಡ್ಡು ಸಿಗಲಿಲ್ಲ.

ಇದನ್ನು ನಾನು ವರದಿಯ ನಾಲ್ಕನೇ ಅಧ್ಯಾಯದಲ್ಲಿ ಬರೆದೆ. ಇಂಗ್ಲಿಷಿನಲ್ಲಿ ಬರೆದೆ. ‘ದೃಢೀಕರಣದ ವೈಫಲ್ಯ’ ಅನ್ನೋ ಅರ್ಥದ ಎರಡು ಪದದೊಳಗೆ ಅಜ್ಜಿ ಪೂರಾ ಮಾಯ. ಅದು ನನ್ನ ತಪ್ಪು. ಕನ್ನಡದಲ್ಲಿ ಬರೆದು ಆ ತಾಲ್ಲೂಕಿನ ತಹಸೀಲ್ದಾರರ ಮೇಜಿನ ಮೇಲೆ ಇಡಬೇಕಿತ್ತು.

ಒಂದೇ ಒಂದು ಕಡೆ ಅಂಕಿಗಳು ಕೆಲಸಕ್ಕೆ ಬಂದವು ಅಂತ ಧೈರ್ಯವಾಗಿ ಹೇಳಬಲ್ಲೆ. 60 ದಾಟಿದವರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮಾತ್ರ ಆರೋಗ್ಯ ವಿಮೆ ಇದೆ ಅಂತ ಲಾಸಿ ತೋರಿಸಿತು. ಆಮೇಲೆ ಎಲ್ಲ ಚರ್ಚೆಯಲ್ಲೂ ಆ 18 ಬರತೊಡಗಿತು. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ, ಬಡವ ಬಲ್ಲಿದ ಅನ್ನದೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಯೋಜನೆ ಬಂತು. ಅಂಕಿಯೇ ತಂದಿತು ಅನ್ನಲ್ಲ, ರಾಜಕೀಯವೂ ಇತ್ತು. ಈಗ ನಮ್ಮವರು ಹಿಡಿದಿರೋ ಜಗಳ ಮುಂದಿನದ್ದು. ಆ ಕಾರ್ಡು ನಡೆಯೋದು ಆಸ್ಪತ್ರೆಗೆ ಸೇರಿದರೆ. ವಯಸ್ಸಾದವರ ದುಡ್ಡು ತಿಂಗಳು ತಿಂಗಳು ಖಾಲಿಯಾಗೋದು ಬಿಪಿ, ಶುಗರ್ ಮಾತ್ರೆಗೆ. ಮಾತ್ರೆ ದುಬಾರಿ ಅಂತ ದಿನ ಬಿಟ್ಟು ದಿನ ನುಂಗುವವರು ನಿಮ್ಮ ಓಣಿಯಲ್ಲೇ ಸಿಗುತ್ತಾರೆ, ಕೇಳಿ ನೋಡಿ. ಕೊನೆಗೆ ಪಾರ್ಶ್ವವಾಯು ಹೊಡೆದಾಗ ಕಾರ್ಡು ನಡೆಯುತ್ತದೆ.

ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡ್ತಿದ್ದೇನೆ. ನನ್ನನ್ನು ಸಾಕಿದ್ದು ಅಜ್ಜಿ. ವಯಸ್ಸಾದವರ ಬಗ್ಗೆಯೇ ಸಂಶೋಧನೆ ಮಾಡಬೇಕು ಅಂತ ಆಸೆ. ಲೆಕ್ಕ ಬರಲ್ಲ, ಮೆಡಿಕಲ್ ಗೊತ್ತಿಲ್ಲ. ಆಗುತ್ತಾ ಮೇಡಂ?
*ವಿದ್ಯಾರ್ಥಿನಿ, ಕಲಬುರಗಿ*

ಆಗುತ್ತೆ ಮಗಳೇ. ಮೆಡಿಕಲ್ ಗೊತ್ತಿಲ್ಲದಿದ್ದರೆ ನಡೆಯುತ್ತೆ, ಕೇಳೋಕೆ ಡಾಕ್ಟರು ಇರ್ತಾರೆ. ಲೆಕ್ಕ ಮಾತ್ರ ಕಲಿಯಲೇಬೇಕು. ನಾನು 31ನೇ ವಯಸ್ಸಿನಲ್ಲಿ, ಕಂಕುಳಲ್ಲಿ ಮಗು ಇಟ್ಟುಕೊಂಡು ಅಂಕಿಅಂಶ ಕಲಿತೆ. ನಿನಗೆ ಅಷ್ಟು ಕಷ್ಟ ಇರಲ್ಲ.

ಮುಂಬೈನ ಜನಸಂಖ್ಯಾ ಸಂಸ್ಥೆಯಲ್ಲಿ ಜನಸಂಖ್ಯಾ ಅಧ್ಯಯನದ ಸ್ನಾತಕೋತ್ತರ ಓದು ಇದೆ. ಬೆಂಗಳೂರಿನ ನಾಗರಭಾವಿಯಲ್ಲಿ ಐಸೆಕ್, ಅಂದರೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ ಇದೆ. ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು. ಅಲ್ಲಿನ ಜನಸಂಖ್ಯಾ ಕೇಂದ್ರದಲ್ಲಿ ವೃದ್ಧಾಪ್ಯದ ಮೇಲೆ ಒಳ್ಳೆಯ ಕೆಲಸ ಆಗಿದೆ. 2011ರಲ್ಲಿ ಏಳು ರಾಜ್ಯಗಳ ಹಿರಿಯರನ್ನು ಮಾತಾಡಿಸಿದ ದೊಡ್ಡ ಅಧ್ಯಯನದಲ್ಲಿ ಐಸೆಕ್ ಪಾಲುದಾರ. ಆ ಏಳರಲ್ಲಿ ಕರ್ನಾಟಕ ಮಾತ್ರ ಇರಲಿಲ್ಲ, ಅದು ನನಗೆ ಇವತ್ತಿಗೂ ಒಂದು ಮುಳ್ಳು. ಮನಸ್ಸಿನ ಕಡೆ ಒಲವಿದ್ದರೆ ನಿಮ್ಹಾನ್ಸ್‌ನಲ್ಲಿ ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ವಿಭಾಗ ಇದೆ. ಸಾರ್ವಜನಿಕ ಆರೋಗ್ಯ ಬೇಕು ಅಂದರೆ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯ ಅಚ್ಯುತ ಮೆನನ್ ಕೇಂದ್ರ ನೋಡು. ಲಾಸಿಯ ಅಂಕಿಗಳನ್ನು ಅರ್ಜಿ ಹಾಕಿದರೆ ದುಡ್ಡಿಲ್ಲದೆ ಕೊಡ್ತಾರೆ. ಕಲಬುರಗಿಯಲ್ಲಿ ಕೂತುಕೊಂಡೇ ಶುರು ಮಾಡಬಹುದು.

ಅದಕ್ಕೂ ಮುಂಚೆ ಒಂದು ಮನೆಪಾಠ. ನಿನ್ನಜ್ಜಿ ಜೊತೆ ಒಂದು ದಿನ ಸುಮ್ನೆ ಇರು. ಬೆಳಗ್ಗೆ ಎದ್ದಾಗಿನಿಂದ ಮಲಗೋವರೆಗೆ ಎಲ್ಲೆಲ್ಲಿ ಗೋಡೆ ಹಿಡಿದುಕೊಂಡರು, ಎಷ್ಟು ಸಲ ಬಾಯಾರಿದರೂ ನೀರು ಕುಡಿಯಲಿಲ್ಲ ಅಂತ ಬರೆದುಕೋ. ಯಾಕೆ ಕುಡಿಯಲಿಲ್ಲ ಅಂತ ಮಾತ್ರ ಬೇಗ ಕೇಳಬೇಡ. ನನಗೊಬ್ಬರು ಮೂರನೇ ದಿನ ಹೇಳಿದರು: ಕುಡಿದರೆ ಶೌಚಕ್ಕೆ ಹೋಗಬೇಕು, ಕೂತರೆ ಏಳೋಕೆ ಆಗಲ್ಲ. ‘ಶೌಚಾಲಯ ಬಳಸೋಕೆ ಕಷ್ಟ ಆಗುತ್ತಾ?’ ಅಂತ ಎಲ್ಲ ಸರ್ವೆಯಲ್ಲೂ ಪ್ರಶ್ನೆ ಇರುತ್ತೆ. ಅದೇ ಅಮ್ಮ ಮೊದಲ ದಿನ ‘ಇಲ್ಲ’ ಅಂದಿದ್ದರು.

ಅಕ್ಕಾ, ನಾನು ನ್ಯೂಜೆರ್ಸಿಯಲ್ಲಿದ್ದೇನೆ, ಅಮ್ಮ ಶಿವಮೊಗ್ಗದಲ್ಲಿ. ಇಲ್ಲಿಯ ಪ್ರೊಫೆಸರುಗಳು ಭಾರತದ ಮುದುಕರನ್ನೂ ಅಮೆರಿಕದ ಮುದುಕರನ್ನೂ ಒಂದೇ ಅಳತೆಯಲ್ಲಿ ಹೋಲಿಸ್ತಾರಂತೆ. ನಮ್ಮಮ್ಮನಿಗೂ ಪಕ್ಕದ ಮನೆ ಅಮೆರಿಕನ್ ಅಜ್ಜಿಗೂ ಒಂದೇ ತಕ್ಕಡಿ ಹೇಗೆ?
*ಸಾಫ್ಟ್‌ವೇರ್ ಉದ್ಯೋಗಿ, ನ್ಯೂಜೆರ್ಸಿ*

ಒಳ್ಳೆಯ ಪ್ರಶ್ನೆ ಕೇಳಿದೆ ತಂಗಿ. ಮಿಷಿಗನ್ ವಿಶ್ವವಿದ್ಯಾಲಯದವರು 1992ರಲ್ಲಿ ಇಂಥ ಒಂದು ಅಧ್ಯಯನ ಶುರು ಮಾಡಿದರು. ಅದನ್ನು ನೋಡಿ ಇಂಗ್ಲೆಂಡ್, ಯುರೋಪು, ಚೀನಾ ಎಲ್ಲ ಕಡೆ ಅದರ ತಂಗಿಯರು ಹುಟ್ಟಿಕೊಂಡವು. ಲಾಸಿಯೂ ಒಬ್ಬಳು ತಂಗಿ. ಹಾಗಾಗಿ ಮಿಷಿಗನ್‌ನಲ್ಲಿ ಹತ್ತು ಪದ ಕೇಳಿದಂತೆ ಮಂಡ್ಯದಲ್ಲೂ ಹತ್ತು ಪದ ಕೇಳುತ್ತಾರೆ. ಹಿಡಿತದ ಬಲ, ನಡಿಗೆಯ ವೇಗ, ರಕ್ತದೊತ್ತಡ ಇವಕ್ಕೆಲ್ಲ ಒಂದೇ ತಕ್ಕಡಿ ಸರಿ. ಮಾತಿಗೆ ಬಂದಾಗ ತಕ್ಕಡಿ ತೂಗಾಡುತ್ತದೆ.

1977ರಲ್ಲಿ ಅಮೆರಿಕದಲ್ಲಿ ಮಾಡಿದ 20 ಪ್ರಶ್ನೆಗಳ ಒಂದು ಪಟ್ಟಿ ಇದೆ, ಖಿನ್ನತೆ ಅಳೆಯೋಕೆ. ಅದರ ಚಿಕ್ಕ ರೂಪಗಳೂ ಇವೆ. ‘ಕಳೆದ ಒಂದು ವಾರದಲ್ಲಿ ನಿಮಗೆ ಎಷ್ಟು ಸಲ ಹೀಗನ್ನಿಸಿತು’ ಅಂತ ಕೇಳಬೇಕು. ನಮ್ಮ ಸಣ್ಣ ಸರ್ವೆಗೆ ಇದನ್ನು ಕನ್ನಡಕ್ಕೆ ತರಲು ಕೂತೆವು. ಖಿನ್ನತೆ ಅನ್ನೋ ಪದ ಹಳ್ಳಿಯಲ್ಲಿ ಯಾರಿಗೂ ಬೇಡ. ಬೇಜಾರು ಅಂತ ಇಟ್ಟೆವು. ಅವತ್ತು ಸಂಜೆ ಫಾರ್ಮು ನೋಡಿದರೆ ಊರಿಗೆ ಊರೇ ಖಿನ್ನತೆ! ಮಳೆ ಬರಲಿಲ್ಲ ಅಂತ ಬೇಜಾರು, ಕರೆಂಟಿಲ್ಲ ಅಂತ ಬೇಜಾರು, ನೀವು ಇಷ್ಟು ಹೊತ್ತು ಪ್ರಶ್ನೆ ಕೇಳ್ತಿದ್ದೀರಿ ಅಂತಲೂ ಬೇಜಾರು. ಸಿಟ್ಟು, ದುಃಖ, ಸುಸ್ತು, ಹೊತ್ತು ಹೋಗದಿರುವುದು ಎಲ್ಲಕ್ಕೂ ಅದೊಂದೇ ಪದ. ಧಾರವಾಡ ಕಡೆಗೆ ಹೋದರೆ ಅದು ಬ್ಯಾಸರ ಆಗುತ್ತೆ, ಅದರ ರುಚಿಯೇ ಬೇರೆ. ಅದನ್ನು ಬಿಟ್ಟು ‘ಮನಸ್ಸು ಕುಗ್ಗಿದೆಯಾ’ ಅಂತ ಹಾಕಿದೆವು. ಈಗ ಊರಲ್ಲಿ ಒಬ್ಬರಿಗೂ ಖಿನ್ನತೆ ಇಲ್ಲ. ಹಾಗೆ ಯಾರೂ ಮಾತಾಡಲ್ಲವಲ್ಲ.

ಕೊನೆಗೆ ದಾರಿ ತೋರಿಸಿದ್ದು ನಮ್ಮ ಜೀಪಿನ ಡ್ರೈವರ್. ‘ಮೇಡಂ, ನಮ್ಮವ್ವ ಹಂಗಿದ್ದಾಗ ಯಾತರ ಮ್ಯಾಲೂ ಮನಸಿಲ್ಲ ಅಂತಿದ್ಲು’ ಅಂದ. ಅದನ್ನೇ ಹಾಕಿದೆವು. ವಾರ ಅನ್ನೋದೂ ಕೈ ಕೊಟ್ಟಿತ್ತು. ‘ಕಳೆದ ಏಳು ದಿನ’ ಅಂದರೆ ಲೆಕ್ಕ ಹಾಕುತ್ತಾ ಕೂರುತ್ತಿದ್ದರು. ‘ಹೋದ ಸಂತೆಯಿಂದ ಈಚೆಗೆ’ ಅಂದಮೇಲೆ ಪಟಪಟ ಉತ್ತರ ಬಂತು. ಡ್ರೈವರ್ ಹೆಸರನ್ನು ಪ್ರಬಂಧದ ಕೃತಜ್ಞತೆಯಲ್ಲಿ ಹಾಕಿದ್ದೆ. ಪತ್ರಿಕೆಯವರು ಜಾಗ ಇಲ್ಲ ಅಂತ ತೆಗೆದರು.

ಇನ್ನೊಂದು ಗೋಳು ‘ನಿವೃತ್ತಿ’. ಯಾವಾಗ ನಿವೃತ್ತರಾದಿರಿ ಅಂತ ಅಮೆರಿಕದಲ್ಲಿ ಕೇಳಿದರೆ ಇಸವಿ ಹೇಳುತ್ತಾರೆ. ನಾವು 74 ವರ್ಷದ ರೈತರೊಬ್ಬರನ್ನು ಕೆಲಸ ಬಿಟ್ಟಿದ್ದು ಯಾವಾಗ ಅಂತ ಕೇಳಿದೆವು. ಬಹಳ ಯೋಚಿಸಿ ‘ಮೊನ್ನೆ ಮಂಗಳವಾರ. ಜ್ವರ ಇತ್ತು’ ಅಂದರು.

ಮೂರನೆಯದು ಒಲೆ. ಒಂದೇ ಒಲೆಯಲ್ಲಿ ಬೇಯಿಸಿ ಉಂಡರೆ ಒಂದು ಸಂಸಾರ ಅನ್ನೋದು ಸರ್ವೆಯ ಲೆಕ್ಕ. ಮಗ ಸೊಸೆ ಮುಂದಿನ ಕೋಣೆಯಲ್ಲಿ, ತಾಯಿ ಹಿಂದಿನ ಕೋಣೆಯಲ್ಲಿ ಬೇರೆ ಒಲೆ. ಕಾಗದದ ಮೇಲೆ ಆಕೆ ‘ಒಂಟಿ’. ಆದರೆ ಮೊಮ್ಮಗು ಮಲಗೋದು ಅವಳ ಮಗ್ಗುಲಲ್ಲೇ. ಮತ್ತೊಂದು ಕಡೆ ಮೂವರು ಗಂಡುಮಕ್ಕಳು ತಾಯಿಯನ್ನು ತಿಂಗಳಿಗೊಂದು ಮನೆ ಅಂತ ಪಾಳಿ ಹಾಕಿಕೊಂಡಿರುತ್ತಾರೆ. ಕಾಗದದಲ್ಲಿ ಆಕೆ ‘ಮಗನೊಂದಿಗೆ’. ಒಂದನೇ ತಾರೀಕು ಕೈಚೀಲ ಹಿಡಿದು ಬೀದಿ ದಾಟುವ ಅವಳ ಮುಖ ನೀನು ನೋಡಬೇಕು. ನಿಮ್ಮ ಪಕ್ಕದ ಮನೆ ಅಜ್ಜಿ ಒಬ್ಬರೇ ಇದ್ದರೂ ತನ್ನ ಮನೆ, ತನ್ನ ಬೀಗದಕೈ ಅಂತ ಇರಬಹುದು. ಈ ಮೂವರಲ್ಲಿ ಒಂಟಿ ಯಾರು ಅನ್ನೋದಕ್ಕೆ ತಕ್ಕಡಿ ಇನ್ನೂ ಬಂದಿಲ್ಲ.

ನೀನು ಕೇಳದಿದ್ದರೂ ಒಂದು ನಂಬರು ಕೊಡುತ್ತೇನೆ. 14567. ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ, ಫೋನಿಗೆ ದುಡ್ಡಿಲ್ಲ. ಅಮ್ಮನ ಫ್ರಿಜ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸೋಕೆ ಯಾರಿಗಾದರೂ ಹೇಳು.

ಮುದುಕರು ಅನ್ನಬೇಕಾ, ವೃದ್ಧರು ಅನ್ನಬೇಕಾ, ಹಿರಿಯ ನಾಗರಿಕರು ಅನ್ನಬೇಕಾ? ಎಷ್ಟು ವಯಸ್ಸಿಗೆ?
*ಆಟೊ ಚಾಲಕರು, ದಾವಣಗೆರೆ*

ಬಾಯ್ತುಂಬ ‘ಅಜ್ಜಾ’ ಅನ್ನಿ, ಸಾಕು. ವಯಸ್ಸು ಮಾತ್ರ ನೀವು ಯಾವ ಕೌಂಟರ್ ಮುಂದೆ ನಿಂತಿದ್ದೀರಿ ಅನ್ನೋದರ ಮೇಲೆ. 2007ರ ಪಾಲಕರ ಪೋಷಣೆ ಕಾಯ್ದೆಗೆ 60. ಸಂಧ್ಯಾ ಸುರಕ್ಷಾಗೆ 65. ಆಯುಷ್ಮಾನ್ ಕಾರ್ಡಿಗೆ 70. ಕೇಂದ್ರದ 500 ರೂಪಾಯಿಗೆ 80. ನಮ್ಮಣ್ಣನಿಗೆ 68. ಎರಡು ಕೌಂಟರಿನಲ್ಲಿ ಮುದುಕ, ಇನ್ನೆರಡರಲ್ಲಿ ಹುಡುಗ.

ಬೇರೆಯವರ ವಯಸ್ಸಿನ ಬಗ್ಗೆ ಇಷ್ಟೆಲ್ಲ ಬರೆಯುವ ನಿಮಗೆ ಈಗ ವಯಸ್ಸೆಷ್ಟು?
*ಹೆಸರು ಬೇಡ ಎಂದವರು, ಮೈಸೂರು*

67. ಹತ್ತು ಪದ ಹೇಳಿದರೆ ಆರು ನೆನಪಿರುತ್ತವೆ. ಹೋದ ವರ್ಷ ಏಳು ಇತ್ತು. ಮೊಮ್ಮಗಳು ಪದ ಓದುತ್ತಾಳೆ, ಅವಳೇ ಟಿಕ್ ಹಾಕುತ್ತಾಳೆ. ಏಳನೆಯದಕ್ಕೆ ಕಣ್ಣಲ್ಲೇ ಸುಳಿವು ಕೊಡುತ್ತಾಳೆ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.